ಪೆನ್ಸಿಲ್ ಗುರುತು

ಬೈತಖೋಲದ ಐಸ್ ಪ್ಲಾಂಟಿನ ಹಳೇ ಬಿಲ್ಲಿನ ಬೆನ್ನಿಗೆ
ಐದು ಗೆರೆ ಎಳೆದುಕೊಟ್ಟರು ಕಾಯ್ತಾನ ಮಾಸ್ತರರು.
"ಗೆರೆಯ ಮೇಲೊಂದು, ಸಂದಿಯಲ್ಲೊಂದು. ಇಷ್ಟೇ.
ಉಳಿದದ್ದು ಉಸಿರು."

ಹಾರ್ಮೋನಿಯಮ್ಮಿನ ಒಂದು ಮನೆ ಉಪ್ಪುಗಾಳಿಗೆ ಕಚ್ಚಿಕೊಂಡಿತ್ತು;
ಆ ಸ್ವರ ಬಂದಾಗೆಲ್ಲ ಕೆಮ್ಮಿದಂತೆ
ಅವರೇ ಹಾಡಿ ತುಂಬುತ್ತಿದ್ದರು.

ಮೂರು ತಿಂಗಳಿಗೆ ಬರೆದದ್ದನ್ನು ಓದಬಲ್ಲೆನಾದೆ.
ಬೀಗಿದೆ.
ಭಾನುವಾರ ಇಗರ್ಜಿಯಲ್ಲಿ
ಪುಸ್ತಕದ ಶ್ರುತಿಯಲ್ಲೇ ಎತ್ತಿಕೊಂಡೆ,
ಕೈ ಎತ್ತಿದೆ, ನಾಲ್ಕೆಣಿಸಿದೆ.
ಎರಡನೇ ಸಾಲಿಗೆ ಗಂಡಸರು ಉದುರಿದರು,
ಮೂರನೆಯದಕ್ಕೆ ಮುದುಕಿಯರು.
ಕೊನೆಯ ಚರಣ ನಾನೂ ಫ್ಯಾನೂ ಹಾಡಿದೆವು.

ಮಾಸ್ತರರು ಬಯ್ಯಲಿಲ್ಲ.
"ವಾರವೆಲ್ಲ ಮೀನು ಕೂಗಿ ಮಾರಿದ ಗಂಟಲು ಅವು.
ಮೊದಲು ಅವನ್ನು ಓದು" ಅಂದರು,
ಕನ್ನಡಕ ಒರೆಸುತ್ತ.

ಈಗ ಪೂಜೆಗೆ ಮುಂಚೆ ಬಾಗಿಲಲ್ಲಿ ನಿಲ್ಲುತ್ತೇನೆ.
ಪಿದಾದ್ ಬಾಯಿ ಮೆಟ್ಟಿಲು ಹತ್ತುತ್ತ
ಮಂಡಿನೋವಿಗೆ ನರಳುವ ದನಿ ಎಲ್ಲಿ ನಿಲ್ಲುತ್ತದೋ
ಅದಕ್ಕಿಂತ ಒಂದೇ ಒಂದು ಮೆಟ್ಟಿಲು ಮೇಲೆ
ನಮ್ಮ ಷಡ್ಜ.

ಪುಸ್ತಕದಂಚಿಗೆ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇನೆ:
ದೋಣಿ ಇಳಿಯದ ಜೂನಿನಲ್ಲಿ, ಗಂಟಲಿಗೆ ರಜೆ;
ಅರ್ಧ ಸ್ವರ ಏರಿಸಬಹುದು.