ಹನ್ನೊಂದು ದಿನ ಬಾಕಿ

ವಾರಂಟಿ ಮುಗಿಯಲು ಹನ್ನೊಂದು ದಿನ ಇರುವಾಗ
ಅದರ ಕಣ್ಣು ಸಿಕ್ಕಿಕೊಂಡಿತು.
ಲೆನ್ಸು ಅರ್ಧ ಹೊರಗೆ, ಅರ್ಧ ಒಳಗೆ,
ಬೇಲಿಯ ಸಂದಿಯಲ್ಲಿ ಮೂತಿ ತೂರಿಸಿ
ಹಿಂದೆ ತೆಗೆಯಲಾಗದ ಕರುವಿನ ಹಾಗೆ.

"ಬಿದ್ದದ್ದಾ ಚೇಚಿ?" ಅಂಗಡಿಯ ಹುಡುಗ ಮಲಯಾಳದಲ್ಲಿ ಕೇಳಿದ.
"ಇಲ್ಲ" ಎಂದೆ, ಮಲಯಾಳದಲ್ಲಿಯೇ.
ಮನೆಯದ್ದಲ್ಲದ ಭಾಷೆಯಲ್ಲಿ ಸುಳ್ಳು ಸ್ವಲ್ಪ ಹಗುರ.
ಅವ್ವಮ್ಮನ ತುಂಬುಗಬ್ಬದ ದನ ಬಾಲ ಬೀಸಿದ್ದು,
ಬಟ್ಟೆ ಒಗೆಯುವ ಕಲ್ಲು ಟಕ್ಕೆಂದದ್ದು
ಫಾರ್ಮಿನಲ್ಲಿ ಬರೆಯುವಂಥದ್ದಲ್ಲ.

ಕಾಸರಗೋಡು, ಹೊಸ ಬಸ್‌ಸ್ಟ್ಯಾಂಡಿನ ಎದುರು, ಮಹಡಿ ಮೇಲೆ.
ಪಟ್ಟಿ ಬೇಡ, ಬ್ಯಾಟರಿ ಬೇಡ, ಕಾರ್ಡು ಬೇಡ, ಚೀಲವೂ ಬೇಡ.
ಆಪರೇಷನ್ನಿಗೆ ಹೋಗುವವಳ ಬಳೆ, ಕರಿಮಣಿ ಬಿಚ್ಚಿ
ಹೊರಗೆ ಕಾಯುವವರ ಕೈಗೆ ಕೊಡುವ ನರ್ಸಿನಂತೆ
ಒಂದೊಂದಾಗಿ ನನ್ನ ಅಂಗೈಗೆ ಹಾಕಿದ.
ಆಮೇಲೆ ಹೆಸರು. ಚೌಕಕ್ಕೊಂದು ಇಂಗ್ಲಿಷ್ ಅಕ್ಷರ,
ಮನೆಹೆಸರು ಮೊದಲು. 'ಜಲಜಾ' ಎನ್ನುವಷ್ಟರಲ್ಲಿ ಚೌಕಗಳು ಮುಗಿದವು,
ಅಕ್ಷಿ ಹೊರಗೆ ಉಳಿಯಿತು.
"ಸಾಕು, ಫೋನ್ ನಂಬರು ಉಂಟಲ್ಲ" ಎಂದ.

ಪೆರ್ಲದ ಹಾಲಿನ ಸೊಸೈಟಿಯಲ್ಲಿ ನಾನು ಲೆಕ್ಕ ಬರೆಯುವವಳು.
ಇಪ್ಪತ್ತು ತಿಂಗಳು ಕುರಿ ಕಟ್ಟಿ ಕೊಂಡ ಕ್ಯಾಮೆರಾ.
ನಮ್ಮಲ್ಲಿ ಕುರಿ ಎಂದರೆ ಚಿಟ್‌ಫಂಡು,
ಮೇಯುವುದು ನಮ್ಮ ಸಂಬಳವನ್ನೇ.
ಹಕ್ಕಿ ಹಿಡಿಯಬೇಕೆಂದಿದ್ದೆ, ಸಿಕ್ಕಿದ್ದು ದನ.
ಇನ್ಶೂರೆನ್ಸಿಗೆ ಎಡಮಗ್ಗುಲು ಒಂದು,
ಕಿವಿಯೋಲೆಯ ನಂಬರು ಓದುವಂತೆ ಒಂದು,
ಯಜಮಾನರ ಜೊತೆ ಒಂದು.
ದನ ನಿಲ್ಲುತ್ತದೆ, ಮನುಷ್ಯರದ್ದೇ ಕಷ್ಟ:
ಕೊರಗನ್ ಮಣಿಯಾಣಿ ಅಂಗಿ ಬದಲಿಸಲು ಹೋದವರು
ಕೂದಲಿಗೆ ಎಣ್ಣೆಯನ್ನೂ ಹಾಕಿಕೊಂಡು ಬರುತ್ತಾರೆ.
ಅವ್ವಮ್ಮ ದನದ ಹಿಂದೆ ಅಡಗಿ ನಗುತ್ತಾಳೆ.

ಎರಡನೆಯ ದಿನ ಫೋನಿಗೆ ಸಂದೇಶ: ಶೊರ್ನೂರು ದಾಟಿತು.
ಪಯ್ಯನ್ನೂರಿನಿಂದ ಆಚೆ ನಾನೇ ಹೋದವಳಲ್ಲ.
ಚಂದ್ರಗಿರಿ, ತೇಜಸ್ವಿನಿ,
ಮತ್ತೆ ಹೆಸರು ಗೊತ್ತಿಲ್ಲದ ಎಷ್ಟೋ ಹೊಳೆ,
ಗುಳ್ಳೆ ಪ್ಲಾಸ್ಟಿಕ್ಕಿನೊಳಗೆ ಅರೆತೆರೆದ ಕಣ್ಣು
ಒಂದನ್ನೂ ನೋಡದೆ ದಾಟಿತಲ್ಲ!

ಭಾನುವಾರ ಭಾನುವಾರ ಬ್ಯಾಟರಿ ಚಾರ್ಜಿಗಿಟ್ಟೆ.
"ಹಟ್ಟಿಯಲ್ಲಿ ದನ ಇಲ್ಲ,
ಹಿಂಡಿ ಕಲಸುವುದು ಯಾರಿಗೆ ಮಾರಾಯ್ತಿ?" ಎಂದಳು ಅಕ್ಕ.
ಮೊಬೈಲಿನಲ್ಲಿ ತೆಗೆದು ಕಳಿಸಿದ್ದು ವಾಪಸು ಬಂತು,
ಓಲೆಯ ನಂಬರು ಮಸುಕು ಎಂದು.
ಆ ನಡುವೆ ಅವ್ವಮ್ಮನ ದನ ಹೆತ್ತಿತು.
ಬೇರೆ ದಾರಿ ಇಲ್ಲದೆ ವಹಿಯ ಅಂಚಿನಲ್ಲಿ ಬರೆದಿಟ್ಟೆ:
ಹೆಣ್ಣು. ಕಂದು. ಹಣೆಯಲ್ಲಿ ಬಿಳಿ, ನುಚ್ಚಕ್ಕಿಯಷ್ಟು.
ಹಿಂದಿನ ಬಲಗಾಲಿಗೆ ಕಾಲುಚೀಲ.
ಎದ್ದು ನಿಲ್ಲುವ ಮೊದಲೇ ನನ್ನ ಪೆನ್ನು ನೆಕ್ಕಿತು.

ಇಪ್ಪತ್ತಾರನೆಯ ದಿನ ಬಂತು.
ಮೈಮೇಲಿನ ಗೀರು ಅದೇ. ಲೆನ್ಸು ಹೊಸದು, ಬೋರ್ಡು ಹೊಸದು,
ಚಾರ್ಜು ಇಲ್ಲ.
ಚೀಟಿಗೆ ಪಿನ್ನು ಹೊಡೆದ ಪುಟ್ಟ ಪ್ಲಾಸ್ಟಿಕ್ ತೊಟ್ಟೆ,
'ಒಳಗೆ ಸಿಕ್ಕಿದ ವಸ್ತು: ಕೂದಲು, ಒಂದು.'
ಎರ್ನಾಕುಳಂ ಕಂಡು ಬಂದಿತ್ತು ಆ ಬಾಲದ ಎಳೆ.
ಹುಡುಗ ಅದನ್ನು ನೋಡಿದ, ನನ್ನನ್ನು ನೋಡಿದ,
ಸಹಿಗೆ ಪೆನ್ನು ಕೊಟ್ಟ.

ಬಸ್ಸಿನಲ್ಲಿ, ಕಾರ್ಡು ಹಾಕುವ ಮೊದಲೇ ಸ್ವಿಚ್ಚು ಒತ್ತಿದೆ.
ನಾಲ್ಕು ಸಾವಿರ ದಾಟಿದ್ದ ಲೆಕ್ಕ
ಈಗ ಮೂರು ಎನ್ನುತ್ತದೆ.
ಒಂದು, ಬಿಳಿ ಗೋಡೆ.
ಎರಡು, ಅದೇ ಗೋಡೆ, ಬಿರುಕು ಸ್ಪಷ್ಟ.
ಮೂರು, ಯಾರೋ ಹೆಂಗಸು. ಮೇಜು, ಮುಚ್ಚಳ ತೆಗೆದ ಬುತ್ತಿ,
ಬೇಡ ಬೇಡ ಎಂದು ಎತ್ತಿದ ಕೈ,
ಬೆರಳ ಸಂದಿಯಿಂದ ನಗು.
ಇದು ಮತ್ತೆ ಕಣ್ಣು ಬಿಟ್ಟಾಗ ಮೊದಲು ಕಂಡ ಮುಖ.
ಅಳಿಸಬೇಕೇ ಎಂದು ಅದೇ ಕೇಳಿತು.
ಬದಿಯಡ್ಕ ಬರುವವರೆಗೆ ಕೇಳುತ್ತಲೇ ಇತ್ತು, ನಾನು ಏನೂ ಒತ್ತಲಿಲ್ಲ.

ನಾಲ್ಕನೆಯದು ಅವ್ವಮ್ಮನ ಕರು.
ಕಿವಿಗಿನ್ನೂ ಓಲೆ ಬಿದ್ದಿಲ್ಲ, ನಂಬರಿಲ್ಲ,
ಯಾವ ಕಂಪೆನಿಗೂ ಬೇಡದ ಫೋಟೋ.
ಈ ಸಲ ಪಟ್ಟಿಯನ್ನು ಕೊರಳಿಗೆ ಎರಡು ಸುತ್ತು ಹಾಕಿ
ತಾಯಿಯ ಬಾಲದಿಂದ ದೂರ ನಿಂತೆ.