ನಲವತ್ತೇಳು

ಮಂಡ್ಯದ ನೀರಾವರಿ ಕಚೇರಿ, ಹಿಂದಿನ ಕೋಣೆ.
ಗೋಡೆಯ ನಕ್ಷೆಯಲ್ಲಿ ಸೀಳುಗಾಲುವೆಗಳು
ಗೆದ್ದಲು ತಿಂದು ಉಳಿಸಿದಷ್ಟು ಹರಿಯುತ್ತವೆ.
ಕೆಳಗೆ ನನ್ನ ಕಪ್ಪು ಪೆಟ್ಟಿಗೆ.
ಅದರೊಳಗೆ ನಿನ್ನೆ ರಾತ್ರಿ ಮೂರು ಯಂತ್ರ ಹುಟ್ಟಿಸಿದೆ.
ತಗಡಿಲ್ಲ, ಫ್ಯಾನಿಲ್ಲ, ದಾಸ್ತಾನು ಪುಸ್ತಕದಲ್ಲಿ ನಂಬರಿಲ್ಲ;
ಹಸಿವು ಮಾತ್ರ ಇದೆ: ಒಂದಕ್ಕೆ ಎರಡು ಜಿಬಿ, ಇನ್ನೊಂದಕ್ಕೆ ನಾಲ್ಕು.

ಅವು ಹೊರಗೆ ಇಣುಕಬಲ್ಲವು.
ಹೊರಗಿನವರು ಕೂಗಿದರೆ ಕೇಳಿಸದು.
ಯಾವುದು ಹೋದರೂ ಪೆಟ್ಟಿಗೆಯ ಹೆಸರಲ್ಲೇ ಹೋಗಬೇಕು,
ಮನೆಮಂದಿಯ ಸುದ್ದಿಯೆಲ್ಲ
ಯಜಮಾನರ ಹೆಸರಿನ ಕಾಗದದಲ್ಲೇ ಹೋದ ಹಾಗೆ.

ನನಗೆ ಬೇಕಾದದ್ದು ಬೇರೆ.
ಇವಕ್ಕೂ ಬೀದಿಗೊಂದು ಬಾಗಿಲು, ಬಾಗಿಲಿಗೊಂದು ನಂಬರು.
ಮೇಲಿನ ಮಹಡಿಯಿಂದ ಜಬೀನಾ ಮೇಡಂ ಕರೆದರೆ
ನೇರವಾಗಿ "ಓ" ಅನ್ನಬೇಕು.

ಬ್ರಿಡ್ಜ್ ಹಾಕಿದೆ. ಹೆಸರಿಗೆ ಸೇತುವೆ,
ದಾಟಲು ಹೊಳೆಯಿಲ್ಲ, ಎರಡು ಸಾಲು ಬರಹ ಅಷ್ಟೆ.
ತಕ್ಷಣ ಸ್ವಿಚ್ಚಿನ ಹದಿನಾಲ್ಕನೇ ಕಿಂಡಿ
ಕಿತ್ತಳೆಗೆ ತಿರುಗಿ ಬಾಯಿ ಮುಚ್ಚಿತು.
ಒಂದೇ ವೈರಿನಿಂದ ನಾಲ್ಕು ಹೆಸರು ಕೇಳಿ ಬೆದರಿತ್ತು ಪಾಪ.
ನನಗಿಂತ ಹಿಂದಿನವನು ಕಟ್ಟಪ್ಪಣೆ ಮಾಡಿ ಹೋಗಿದ್ದ:
ಕಿಂಡಿಗೆ ಒಬ್ಬನೇ.
ಅವನ ಪಾಸ್‌ವರ್ಡು ಹುಡುಕಲು ಒಂದೂವರೆ ಗಂಟೆ.
ಸಿಕ್ಕಿದ್ದು ಕ್ಯಾಲೆಂಡರಿನ ಹಿಂದೆ, ಹಾಲಿನ ಲೆಕ್ಕದ ಕೆಳಗೆ.

ದೀಪ ಹಸಿರಾಯಿತು. ಒಂದು ಬಂತು, ಎರಡು ಬಂತು,
ಮೂರನೆಯದು ನಲವತ್ತೇಳು ಎಂಬ ವಿಳಾಸ ಪಡೆದು ಎದ್ದು ಕೂತಿತು.
ಅದೇ ಗಳಿಗೆ ಲೆಕ್ಕದ ಶಾಖೆಯಿಂದ ಪುಟ್ಟಮಾದಮ್ಮನ ಗಂಟಲು:
"ಏನ್ ಮಾಡ್ಬುಟ್ರಿ? ಪ್ರಿಂಟ್ರು ನಿಂತೋಯ್ತಲ್ಲ!"

ಅಲ್ಲಿ ಬೆಂಚಿನ ಮೇಲೆ ಹೊಂಬಾಳಯ್ಯ,
ಮೂವತ್ತೊಂದು ವರ್ಷದ ನೀರಗಂಟಿ,
ಸಂಬಳದ ಚೀಟಿಗೆ ಬೆಳಗ್ಗೆಯಿಂದ ಕೂತವನು.
ಪ್ರಿಂಟರಿನ ಬೆನ್ನಿಗೆ ಯಾರೋ ಸ್ಕೆಚ್ ಪೆನ್ನಲ್ಲಿ ಬರೆದು ಅಂಟಿಸಿದ್ದರು: 47.
ಕೈಯಾರೆ ಕೊಟ್ಟ ನಂಬರು;
ಹಂಚುವವನ ಪಟ್ಟಿಯಲ್ಲಿ ಅದು ಖಾಲಿ ಜಾಗ.

ಏನಾಯ್ತೆಂದು ಹೇಳಲು ತಡವರಿಸಿದೆ.
ಅವನೇ ಹೇಳಿದ, ಬೀಡಿ ಕಿವಿಗೆ ಸಿಕ್ಕಿಸುತ್ತ:
"ಒಂದ್ ತೂಬ್ಗೆ ಇಬ್ರು ನಂದು ನಂದು ಅಂತವ್ರೆ, ಅಷ್ಟೇ ತಾನೆ?
ನೀರು ಒಂದ್ಗಳಿಗೆ ಅತ್ಲಾಗೆ, ಒಂದ್ಗಳಿಗೆ ಇತ್ಲಾಗೆ,
ಇಬ್ರ್ ಗದ್ದೇನೂ ನೆನೆಯಾಕಿಲ್ಲ.
ಹಳಬ್ರನ್ನ ಎಬ್ಬಿಸ್ಬ್ಯಾಡ ಕಣವ್ವ.
ಹೊಸಬ್ರಿಗೆ ಕೊನೇಲಿ ಬ್ಯಾರೆ ಮಡೆ ಕಡಿ."
ಆಮೇಲೆ, "ಎಲ್ಲೈತೆ ಆ ಹೊಸ್ದು?"
ಕಾಣುವಂಥದ್ದಲ್ಲ ಅಂದೆ.
"ಕಾಣ್ದೇ ಇದ್ರೂವೆ ಜಗಳಕ್ಕ್ ಬತ್ತದಾ!"

ಇನ್ನೂರರಿಂದಾಚೆ ಹೊಸಬರಿಗೆಂದೇ ಬದು ಹಾಕಿದೆ.
ನಾಲ್ಕು ಸಲ ಕರೆದೆ. ನಾಲ್ಕು ಸಲವೂ "ಓ" ಅಂದಿತು,
ಮಿಲಿಸೆಕೆಂಡು ಮುಗಿಯುವ ಮುಂಚೆ.
ನಕ್ಷೆಯಲ್ಲಿಲ್ಲದ ಗದ್ದೆಗೆ ನೀರು ನುಗ್ಗುವ ಸದ್ದು
ಹೀಗೇ ಇರುತ್ತದೋ ಏನೋ,
ನಾನು ರಾತ್ರಿ ಕಾಲುವೆ ಏರಿಯ ಮೇಲೆ ನಡೆದವಳಲ್ಲ.

ಪ್ರಿಂಟರು ಕೆಮ್ಮಿ ಚೀಟಿ ಉಗುಳಿತು.
ಹೊಂಬಾಳಯ್ಯ ಕಣ್ಣಿಗೆ ದೂರ ಹಿಡಿದು ಓದಿದ.
ಹೆಸರಲ್ಲಿ ಒಂದು ದೀರ್ಘ ಬಿಟ್ಟುಹೋಗಿತ್ತು, ಎಂದಿನಂತೆ.
ಮಡಚಿ ಜೇಬಿಗಿಟ್ಟು ಬಾಗಿಲವರೆಗೆ ಹೋದವನು ನಿಂತ.
"ಮೂರ್ಕೂ ಬಂತಾ ನೀರು?"