ಭಾರ ಎತ್ತುವವರ ಸಂಘ, ಚಾಂಪಿಯನ್ ರೀಫ್ಸ್

ಕಚೇರಿ ಅಂದರೆ ಒಂದು ತಗಡಿನ ಟ್ರಂಕು.
ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ:
ಸೀಲು ಮೂರು, ಒತ್ತುವ ಕೈ ಒಂದೇ,
ಅರುಳಪ್ಪ ಮೇಷ್ಟ್ರದ್ದು.

ಸೈನೈಡ್ ದಿಬ್ಬದ ಬೂದಿ ಬಂದು
ಕಂಬಿಯ ಮೇಲೆ ಕೂರುತ್ತದೆ.
ಜೆಸಿಂತಾ ಹಳೇ ಲುಂಗಿಯಲ್ಲಿ ಒರೆಸುತ್ತಾಳೆ;
ಅವಳ ತಾತ ಒರೆಸಿದ್ದು ಹಣೆ,
ಹತ್ತು ಸಾವಿರ ಅಡಿ ಕೆಳಗೆ.

"ನೌರು ಅಂತ ಒಂದು ದ್ವೀಪ, ಮಗಾ.
ನಮ್ಮ ಪೇಟೆಯ ನಾಕು ಬೀದಿ ಜನ, ಅಷ್ಟೇ ದೇಶ.
ಅಲ್ಲೂ ನೆಲ ಅಗೆದು ಮಾರಿದರು. ಮುಗೀತು.
ಆಮೇಲೆ ಭಾರ ಎತ್ತೋಕೆ ನಿಂತರು.
ಬಾವುಟ ಹಿಡಿಯೋನೂ, ಟಿಕೆಟ್ ಬರೆಸೋನೂ
ನನ್ನ ಥರ ಒಬ್ಬನೇ ಇರಬೇಕು."

"ಅವರು ಒಲಿಂಪಿಕ್ಸ್‌ಗೆ ಹೋಗ್ತಾರಾ?"
"ದೇಶ ಅಲ್ವಾ, ಹೋಗ್ತಾರೆ."
"ಮತ್ತೆ ನಾವು?"
"ಮೊದಲು ಕೋಲಾರ. ನಾಳಿದ್ದು."

ಹತ್ತು ಕಿಲೋ ಬಿಲ್ಲೆ ಇರೋದು ಒಂದೇ.
ಇನ್ನೊಂದು ತುದಿಗೆ, ಅಷ್ಟೇ ತೂಗುವ
ಗಣಿಬಂಡಿಯ ಗಾಲಿ.